ನಮ್ಮೂರ ಶಾಲೆಯ ಪಾಠಕ್ಕೆ ಕಂಪ್ಯೂಟರ್ ಏನು ಮಾಡಬಲ್ಲದು?

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ. ಸ್ಮರಣ ಸಂಚಿಕೆಗಾಗಿ ಅವರೇ ಬರೆದುಕೊಟ್ಟದ್ದು.)



ಶಾಲೆಯಲ್ಲಿ ಡಿಜಿಟಲ್ ತಂತ್ರಜ್ಞಾನ ಅನ್ನುವ ವಿಷಯದ ಮೇಲೆ ನಾಲ್ಕು ಮಾತು ಆಡಬೇಕು ಅಂತ ಆಡಳಿತ ಮಂಡಳಿ ನನಗೆ ಅಪ್ಪಣೆ ಮಾಡಿದೆ. ನಾನು ಓದಿರುವುದು ಎಸ್ಸೆಸ್ಸೆಲ್ಸಿ. ಕಸುಬು ಬೇಸಾಯ, ಮನೆಯಲ್ಲಿ ನಾಲ್ಕು ಹಸು. ಇಂಥಾ ವಿಷಯವನ್ನು ಇಂಜಿನಿಯರ್ ಓದಿದವರು ಮಾತಾಡಿದರೆ ಚೆನ್ನ. ಆದರೆ ಈ ವಿಷಯ ಬಂದಿರುವುದೇ ನಮ್ಮ ಸಂಘದ ದುಡ್ಡಿನಿಂದ. ದುಡ್ಡಿನ ವಿಚಾರ ಬಂದಾಗ ಸದಸ್ಯರೇ ಮಾತಾಡಬೇಕಾಗುತ್ತದೆ.

ಸಂಗತಿ ತಮಗೆ ಗೊತ್ತಿದೆ. ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ನೆನಪಿಗೆ ಧರ್ಮಾರ್ಥ ನಿಧಿಯಿಂದ ಊರಿನ ಶಾಲೆಗೆ ಎರಡು ಲಕ್ಷ ರೂಪಾಯಿಯಷ್ಟು ಏನಾದರೂ ಮಾಡಬೇಕು ಅಂತ ಮಾತಾಯಿತು. ಮಾತಾದ ವಾರಕ್ಕೇ ಒಬ್ಬರು ಬ್ಯಾಗು ಹಿಡಿದುಕೊಂಡು ಬಂದರು. ಸ್ಮಾರ್ಟ್ ಬೋರ್ಡ್ ಅಂತೆ, ಮುಟ್ಟಿದರೆ ಬರೆಯುತ್ತದಂತೆ, ಒಂದನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ ಪಾಠವೆಲ್ಲ ಅದರೊಳಗೇ ಇದೆಯಂತೆ. ಒಂದು ಲಕ್ಷ ಅರವತ್ತು ಸಾವಿರ, ಆಮೇಲೆ ವರ್ಷ ವರ್ಷ ಪಾಠಕ್ಕೆ ಚಂದಾ ಬೇರೆ. ನಮ್ಮ ಯುವಕರು ಅದನ್ನು ನೋಡಿ, ಇದನ್ನೇ ಕೊಡೋಣ, ಸಂಘದ ಹೆಸರು ದೊಡ್ಡದಾಗಿ ಬರೆಸೋಣ ಅಂದರು. ಹಿರಿಯರೊಬ್ಬರು, ಆ ದುಡ್ಡಲ್ಲಿ ಕಾಂಪೌಂಡ್ ಗೋಡೆ ಕಟ್ಟಿಸಿ, ದನ ಒಳಗೆ ಹೋಗೋದಾದರೂ ತಪ್ಪುತ್ತೆ ಅಂದರು. ಇಬ್ಬರ ಮಾತೂ ಅರ್ಧ ಸರಿ ಅಂತ ನನಗೆ ಅನಿಸಿತು. ಅದಕ್ಕೇ ಎರಡು ತಿಂಗಳು ಅಲ್ಲಿ ಇಲ್ಲಿ ಕೇಳಿ, ನೋಡಿ, ಓದಿ ತಿಳಿದುಕೊಂಡದ್ದನ್ನು ತಮ್ಮ ಮುಂದೆ ಇಡುತ್ತಿದ್ದೇನೆ. ತೀರ್ಮಾನ ಸರ್ವಸದಸ್ಯರ ಸಭೆಯದ್ದು.

ಮೊದಲು ನಮ್ಮ ಶಾಲೆಯ ಸ್ಥಿತಿ ಹೇಳಿಬಿಡುತ್ತೇನೆ. ಬೆಂಗಳೂರು ನಮ್ಮ ಕಡೆಗೆ ನಡೆದು ಬರುತ್ತಿದೆ. ಬಿಟಿಎಂ ಅಂದರೆ ಏನೋ ಇಂಗ್ಲಿಷ್ ಹೆಸರು ಅಂದುಕೊಂಡಿರುವ ಹುಡುಗರಿದ್ದಾರೆ. ಅದು ಬೈರಸಂದ್ರ, ತಾವರೆಕೆರೆ, ಮಡಿವಾಳ, ಮೂರೂ ಹಳ್ಳಿಗಳೇ. ಜೆ.ಪಿ. ನಗರದ ಒಳಗೆ ಸಾರಕ್ಕಿ, ಪುಟ್ಟೇನಹಳ್ಳಿ, ಜರಗನಹಳ್ಳಿ ಇವೆ. ಬನಶಂಕರಿಯೊಳಗೆ ಕದಿರೇನಹಳ್ಳಿ, ಇಟ್ಟಮಡು ಇವೆ. ಅಲ್ಲೆಲ್ಲ ಒಂದು ಕಾಲಕ್ಕೆ ನಮ್ಮ ಹಾಗೇ ಹಸು ಕಟ್ಟಿದವರಿದ್ದರು. 2021ರ ಜನವರಿಯಲ್ಲಿ ಮೆಟ್ರೋ ಕನಕಪುರ ರಸ್ತೆಯಲ್ಲಿ ಸಿಲ್ಕ್ ಇನ್‌ಸ್ಟಿಟ್ಯೂಟ್ ತನಕ ಬಂತು. ಈಗ ರಾಮನಗರ ಜಿಲ್ಲೆಗೇ ಬೆಂಗಳೂರು ದಕ್ಷಿಣ ಅಂತ ಹೆಸರಾಗಿದೆ, ಕಾಗದ ಪತ್ರ ಬರೆಯುವವರು ಎರಡು ಸಲ ಯೋಚನೆ ಮಾಡಬೇಕು. ಇಷ್ಟೆಲ್ಲ ಹತ್ತಿರ ಬಂದರೂ ನಮ್ಮ ಶಾಲೆಗೆ ಮಕ್ಕಳು ದೂರ ಆದರು. ಬೆಳಿಗ್ಗೆ ಎಂಟು ಗಂಟೆಗೆ ಹಳದಿ ವ್ಯಾನುಗಳು ನಮ್ಮ ಸಂಘದ ಮುಂದೆಯೇ ನಿಂತು ಮಕ್ಕಳನ್ನು ತುಂಬಿಕೊಂಡು ಹೋಗುತ್ತವೆ. ನಾವು ಓದುವಾಗ ಒಂದು ಮಣೆಗೆ ಐದು ಜನ ಕೂರುತ್ತಿದ್ದೆವು, ಈಗ ಒಂದು ಬೆಂಚಿಗೆ ಇಬ್ಬರು. ಉಳಿದಿರುವ ಮಕ್ಕಳಲ್ಲಿ ಅರ್ಧದಷ್ಟು ಜನ ನಮ್ಮೂರಿನವರಲ್ಲ. ಬಡಾವಣೆ ಕಟ್ಟುವ ಕೆಲಸಕ್ಕೆ ರಾಯಚೂರು, ಯಾದಗಿರಿಯಿಂದ ಬಂದವರ ಮಕ್ಕಳು, ತೆಲುಗು, ತಮಿಳು, ಹಿಂದಿ ಮನೆಮಾತಿನ ಮಕ್ಕಳು. ಶಿಕ್ಷಕಿಯರು ಇಬ್ಬರು. ಒಂದು, ಎರಡು, ಮೂರನೇ ತರಗತಿಯನ್ನು ನಲಿ ಕಲಿ ಅಂತ ಒಂದೇ ಕೋಣೆಯಲ್ಲಿ ಕೂರಿಸಿ ಒಬ್ಬರು ನೋಡಿಕೊಳ್ಳುತ್ತಾರೆ, ಮೇಲಿನ ತರಗತಿಗಳೆಲ್ಲ ಇನ್ನೊಬ್ಬರಿಗೆ. ಮಕ್ಕಳು ಇನ್ನೂ ಕಮ್ಮಿ ಆದರೆ ಪಕ್ಕದೂರಿನ ಶಾಲೆಗೆ ಸೇರಿಸುತ್ತಾರೆ ಅನ್ನುವ ಭಯ ಇದ್ದೇ ಇದೆ. ಹಾಗಾಗಿ ನಾವು ಮಾಡುವ ಕೆಲಸದಿಂದ ಶಾಲೆ ಉಳಿಯಬೇಕು, ಫೋಟೋ ತೆಗೆಸಿಕೊಂಡರೆ ಸಾಲದು.

ಈಗ ಯಂತ್ರದ ಮಾತು. ಯಂತ್ರ ಅಂದರೆ ನಮಗೆ ಹೊಸದೇನಲ್ಲ. ಸಂಘ ಶುರುವಾದಾಗ ಹಾಲಿನ ಫ್ಯಾಟ್ ನೋಡಬೇಕಾದರೆ ಆಸಿಡ್ ಹಾಕಿ, ಗಾಜಿನ ಕೊಳವೆಯಲ್ಲಿ ಗಿರಗಿರನೆ ತಿರುಗಿಸಿ ನೋಡುತ್ತಿದ್ದರು. ಇವನ ಹಾಲು ಗಟ್ಟಿ, ಅವನ ಹಾಲು ನೀರು ಅಂತ ದಿನಾ ಜಗಳ. ಆಮೇಲೆ ಕಂಪ್ಯೂಟರ್ ಕೂಡಿದ ಹಾಲು ಸಂಗ್ರಹಣಾ ಯಂತ್ರ ಬಂತು. ಕ್ಯಾನು ತೂಗುತ್ತದೆ, ಫ್ಯಾಟ್, ಎಸ್‌ಎನ್‌ಎಫ್ ತೋರಿಸುತ್ತದೆ, ಚೀಟಿ ಕೊಡುತ್ತದೆ, ಪ್ರೋತ್ಸಾಹಧನ ನೇರ ಖಾತೆಗೆ ಬೀಳುತ್ತದೆ. ಜಗಳ ಮುಕ್ಕಾಲು ಪಾಲು ನಿಂತಿತು, ಇದನ್ನು ಯಾರೂ ಇಲ್ಲ ಅನ್ನುವಂತಿಲ್ಲ. ಆದರೆ ಒಂದು ಮಾತು ಯೋಚನೆ ಮಾಡಿ. ಕ್ಯಾನಿನಲ್ಲಿ ಹಾಲನ್ನು ಚೆನ್ನಾಗಿ ಕಲಕದೆ ಮೇಲೆ ಮೇಲೆ ಸ್ಯಾಂಪಲ್ ತೆಗೆದರೆ ಯಂತ್ರ ಸುಳ್ಳೇ ಹೇಳುತ್ತದೆ. ದಿನಾ ತೊಳೆಯದಿದ್ದರೆ, ಆಗಾಗ ಅಳತೆ ಸರಿಪಡಿಸಿಕೊಳ್ಳದಿದ್ದರೆ ಸುಳ್ಳೇ ಹೇಳುತ್ತದೆ. ಕರೆಂಟ್ ಹೋದಾಗ ಬ್ಯಾಟರಿ ಇಲ್ಲದಿದ್ದರೆ ಏನೂ ಹೇಳುವುದಿಲ್ಲ. ಮುಖ್ಯವಾಗಿ, ಯಂತ್ರ ಬಂದಿತು ಅಂತ ಯಾವ ಹಸುವೂ ಒಂದು ಲೀಟರ್ ಹೆಚ್ಚಿಗೆ ಕರೆಯಲಿಲ್ಲ! ಹಾಲು ಹೆಚ್ಚುವುದು ಹುಲ್ಲು, ಹಿಂಡಿ, ಆರೈಕೆಯಿಂದ. ಶಾಲೆಯಲ್ಲೂ ಇದೇ ಲೆಕ್ಕ ಅಂತ ನನ್ನ ಅಭಿಪ್ರಾಯ.

ಶಾಲೆಗೆ ಯಂತ್ರ ತರುವ ಕೆಲಸ ಕೂಡ ಇವತ್ತಿನದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಸೈಟ್ ಅಂತ ಒಂದು ಪ್ರಯೋಗ ನಡೆಯಿತು. ಅಮೆರಿಕದವರ ಉಪಗ್ರಹವನ್ನು ಒಂದು ವರ್ಷ ಎರವಲು ಪಡೆದು ನಮ್ಮ ಇಸ್ರೋದವರು ದೇಶದ ಆರು ರಾಜ್ಯಗಳಲ್ಲಿ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಕಳಿಸಿದರು. ನಮ್ಮ ರಾಜ್ಯದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ರೈತರಿಗೆ ಬೇಸಾಯ, ಆರೋಗ್ಯ. ಬೆಂಗಳೂರಿನ ಮನೆಗಳಿಗೆ ಟಿ.ವಿ. ಬರುವ ಮೊದಲೇ ರಾಯಚೂರಿನ ಹಳ್ಳಿ ಮಕ್ಕಳು ಶಾಲೆಯಲ್ಲಿ ಟಿ.ವಿ. ನೋಡಿದ್ದರು ಅಂದರೆ ನಂಬುತ್ತೀರಾ? ಆ ಪ್ರಯೋಗದಲ್ಲಿ ನನಗೆ ಹಿಡಿಸಿದ್ದು ಇನ್ನೊಂದು. ಶಾಲೆ ರಜದ ಸಮಯದಲ್ಲಿ ಅದೇ ಟಿ.ವಿ. ಮೂಲಕ ಹತ್ತಿರ ಹತ್ತಿರ 50,000 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಕಲಿಸುವ ತರಬೇತಿ ಕೊಟ್ಟರು. ವರ್ಷ ಮುಗಿಯಿತು, ಉಪಗ್ರಹ ಹೊರಟುಹೋಯಿತು, ಮೇಷ್ಟ್ರು ಕಲಿತದ್ದು ಮೇಷ್ಟ್ರ ಹತ್ತಿರ ಉಳಿಯಿತು.

ಆಮೇಲೆ 2001ರ ಸುಮಾರಿಗೆ ಮಾಹಿತಿ ಸಿಂಧು ಅಂತ ಬಂತು. ರಾಜ್ಯದ ಸುಮಾರು 1000 ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಟ್ಟರು. ಕಲಿಸಲು ಹೊರಗಿನ ಸಂಸ್ಥೆಗಳ ಕಡೆಯ ಹುಡುಗರು ಬಂದರು. ಮಕ್ಕಳು ಮೌಸ್ ಹಿಡಿಯುವುದು ಕಲಿತರು, ಅದೂ ಒಂದು ಕಲಿಕೆಯೇ. ಆದರೆ ಕಂಪ್ಯೂಟರ್ ಒಂದು ಬೇರೆ ಪಾಠವಾಗಿ ಬೇರೆ ಕೋಣೆಯಲ್ಲಿ ಉಳಿಯಿತು, ಗಣಿತದ ಮೇಷ್ಟ್ರಿಗೂ ಅದಕ್ಕೂ ಸಂಬಂಧ ಬೆಳೆಯಲಿಲ್ಲ. ಒಪ್ಪಂದದ ವರ್ಷಗಳು ಮುಗಿದ ಮೇಲೆ ಕಲಿಸುವವರೂ ಹೋದರು.

2004ರ ಸೆಪ್ಟೆಂಬರ್ 20ರಂದು ಇಸ್ರೋ ಎಜುಸ್ಯಾಟ್ ಹಾರಿಸಿತು. ಬರೀ ಶಿಕ್ಷಣಕ್ಕೆ ಅಂತಲೇ ಹಾರಿಸಿದ ಉಪಗ್ರಹ. ಪ್ರಾಥಮಿಕ ಶಾಲೆಗಳಿಗೆ ಅದನ್ನು ಮೊದಲು ಪ್ರಯೋಗ ಮಾಡಿದ್ದು ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ. ಪಾಠಗಳ ಹೊಣೆ ನಮ್ಮ ಬನಶಂಕರಿ ಮೂರನೇ ಹಂತದಲ್ಲಿರುವ ಡಿಎಸ್‌ಇಆರ್‌ಟಿ, ಅಂದರೆ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯದ್ದು. ರಿಂಗ್ ರಸ್ತೆಯಲ್ಲಿ ಹೋಗುವಾಗ ಆ ಬೋರ್ಡನ್ನು ನಾವು ದಿನಾ ನೋಡುತ್ತೇವೆ, ಒಳಗೆ ಏನಾಗುತ್ತದೆ ಅಂತ ಕೇಳಿದವರಿಲ್ಲ. 2010ರಲ್ಲಿ ಆ ಉಪಗ್ರಹದ ಆಯಸ್ಸು ಮುಗಿಯಿತು. ಇದೇ ಇಲಾಖೆಯವರು ಆಕಾಶವಾಣಿ ಮೂಲಕ ಚುಕ್ಕಿ ಚಿನ್ನ, ಕೇಳಿ ಕಲಿ ಅಂತ ರೇಡಿಯೋ ಪಾಠಗಳನ್ನೂ ಮಾಡಿದರು. ರೇಡಿಯೋದಲ್ಲಿ ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ, ಮಕ್ಕಳು ಕೂಗಿ ಉತ್ತರ ಹೇಳಬೇಕು, ಹಾಡಬೇಕು, ಕುಣಿಯಬೇಕು. ಕೆಲವು ನೂರು ರೂಪಾಯಿನ ಪೆಟ್ಟಿಗೆ! ನನ್ನ ಕೇಳಿದರೆ ಇಷ್ಟು ವರ್ಷಗಳಲ್ಲಿ ಬಂದ ಯಂತ್ರಗಳಲ್ಲಿ ಕೊಟ್ಟ ದುಡ್ಡಿಗೆ ಹೆಚ್ಚು ಕೆಲಸ ಮಾಡಿದ್ದು ರೇಡಿಯೋ ಅಂತಲೇ ಹೇಳುತ್ತೇನೆ.

ಇವೆಲ್ಲ ಹಳೇ ಕಥೆ, ಈಗಿನದು ಹೇಳಪ್ಪಾ ಅಂತೀರಿ. ನಮ್ಮ ಕಡೆಯದೇ ಒಂದು ಶಾಲೆಗೆ ಒಬ್ಬ ದಾನಿಗಳು ಮೂರು ವರ್ಷದ ಕೆಳಗೆ ದೊಡ್ಡ ಸ್ಮಾರ್ಟ್ ಬೋರ್ಡ್ ಕೊಟ್ಟರು. ಶಾಲೆಯ ಹೆಸರು ಬೇಡ, ಅಲ್ಲಿನ ಶಿಕ್ಷಕರು ಒಳ್ಳೆಯವರು. ನಾನು ಹೋಗಿ ನೋಡಿದೆ. ಕೋಣೆಗೆ ಬೀಗ. ಕಳ್ಳತನವಾದರೆ ಹೊಣೆ ಯಾರದು ಅಂತ ಮೇಷ್ಟ್ರಿಗೆ ಭಯ. ಬೀಗ ತೆಗೆಸಿದರೆ ಬೋರ್ಡಿನ ಮೇಲೆ ಹಾಸಿದ ಬಟ್ಟೆಗೆ ಒಂದು ಬೆರಳು ದಪ್ಪ ಧೂಳು. ಮೊದಲ ವರ್ಷ ನಡೆಯಿತಂತೆ. ಎರಡನೇ ವರ್ಷದ ಚಂದಾ ಕಟ್ಟುವವರಿಲ್ಲದೆ ಪಾಠ ತೆರೆಯಲಿಲ್ಲವಂತೆ. ಉಪಯೋಗಿಸಲು ಕಲಿತಿದ್ದ ಮೇಡಂ ವರ್ಗವಾಗಿ ಹೋದರಂತೆ. ಗೋಡೆಯ ಮೇಲೆ ದಾನಿಗಳ ಹೆಸರು ಮಾತ್ರ ಚೆನ್ನಾಗಿ ಕಾಣುತ್ತಿದೆ.

ಕೊರೋನಾ ಕಾಲ ಯಾರಿಗೂ ಮರೆತಿಲ್ಲ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದವು. ಜುಲೈನಿಂದ ಚಂದನ ವಾಹಿನಿಯಲ್ಲಿ ಪಾಠ ಬಂತು. ಆನ್‌ಲೈನ್ ಕ್ಲಾಸು ಅಂತ ಖಾಸಗಿ ಶಾಲೆಯವರು ಶುರು ಮಾಡಿದರು. ನಮ್ಮೂರಲ್ಲಿ ಮನೆಗೆ ಒಂದು ಫೋನು, ಅದನ್ನು ಅಪ್ಪ ಕೆಲಸಕ್ಕೆ ತೆಗೆದುಕೊಂಡು ಹೋದರೆ ಮಗುವಿಗೆ ಏನು? ಸಿಗ್ನಲ್ ಸಿಗುವುದು ಕೆರೆ ಏರಿ ಮೇಲೆ. ಆ ಆಗಸ್ಟ್‌ನಲ್ಲಿ ಸರ್ಕಾರ ವಿದ್ಯಾಗಮ ಅಂತ ಮಾಡಿತು. ಯಾವ ಮಗುವಿನ ಮನೆಯಲ್ಲಿ ಇಂಟರ್‌ನೆಟ್ ಫೋನಿದೆ, ಯಾವ ಮನೆಯಲ್ಲಿ ಬರೀ ಮಾತಾಡುವ ಫೋನಿದೆ, ಎಲ್ಲಿ ಏನೂ ಇಲ್ಲ ಅಂತ ಪಟ್ಟಿ ಮಾಡಿ ಶಿಕ್ಷಕರೇ ಊರೊಳಗೆ ಬಂದರು. ನಮ್ಮ ಮೇಡಂ ಮಾರಮ್ಮನ ಗುಡಿ ಜಗಲಿಯಲ್ಲಿ, ಆಮೇಲೆ ನಮ್ಮ ಸಂಘದ ಶೆಡ್ಡಿನಲ್ಲಿ ಮಕ್ಕಳನ್ನು ದೂರ ದೂರ ಕೂರಿಸಿ ಪಾಠ ಮಾಡಿದರು. ಬೆಳಗಿನ ಹಾಲು ಮುಗಿದ ಮೇಲೆ ಶೆಡ್ ತೊಳೆದುಕೊಟ್ಟವರು ನಮ್ಮ ಸಂಘದ ಸಿಬ್ಬಂದಿಯೇ. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. ಆ ಎರಡು ತಿಂಗಳು ಜಗಲಿಯಲ್ಲಿ ಕಲಿತದ್ದಕ್ಕೂ, ಆಮೇಲೆ ಫೋನಿನಲ್ಲಿ ಕಲಿತದ್ದಕ್ಕೂ ಇದ್ದ ವ್ಯತ್ಯಾಸವನ್ನು ಇಲ್ಲಿರುವ ತಾಯಂದಿರೇ ಹೇಳಬಲ್ಲರು.

ಹಾಗಾದರೆ ಕಂಪ್ಯೂಟರ್ ಬೇಡವೇ? ಬೇಡ ಅಂತ ನಾನು ಹೇಳುತ್ತಿಲ್ಲ. ಬೇಕು ಅಂತ ನನಗೆ ಗಟ್ಟಿಯಾಗಿ ಅನಿಸಿದ್ದು ಒಂದು ತರಗತಿ ನೋಡಿದ ಮೇಲೆ. ನನ್ನ ತಂಗಿಯ ಮಗಳು ಬನಶಂಕರಿ ಕಡೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಓದುತ್ತಾಳೆ. ಅಲ್ಲಿನ ಗಣಿತದ ಮೇಡಂ ಹತ್ತಿರ ಅನುಮತಿ ಕೇಳಿ ಹಿಂದಿನ ಬೆಂಚಿನಲ್ಲಿ ಒಂದು ಗಂಟೆ ಕೂತಿದ್ದೆ. ಪಾಠ, ತ್ರಿಭುಜದ ಮೂರು ಕೋನ ಕೂಡಿದರೆ 180 ಡಿಗ್ರಿ. ನಾವೂ ಓದಿದ್ದೇವೆ, ಬಾಯಿಪಾಠ ಮಾಡಿದ್ದೇವೆ. ಆ ಮೇಡಂ ಮೊದಲು ಕಂಪ್ಯೂಟರ್ ಮುಟ್ಟಲೇ ಇಲ್ಲ. ಎಲ್ಲರೂ ನೋಟ್‌ಬುಕ್ಕಿನಲ್ಲಿ ತಮಗೆ ಇಷ್ಟ ಬಂದ ತ್ರಿಭುಜ ಬರೆದು ಕೋನಮಾಪಕದಿಂದ ಅಳೆದು ಕೂಡಿ ಅಂದರು. ಒಬ್ಬಳಿಗೆ 178 ಬಂತು, ಒಬ್ಬನಿಗೆ 183, ಒಬ್ಬ ಪಕ್ಕದವನದು ನೋಡಿ 180 ಅಂದ. ಎಲ್ಲ ಬೋರ್ಡಿನ ಮೇಲೆ ಬರೆದರು. ಆಮೇಲೆ ಲ್ಯಾಪ್‌ಟಾಪ್ ತೆಗೆದು ಗೋಡೆಯ ಮೇಲೆ ಒಂದು ತ್ರಿಭುಜ ತೋರಿಸಿದರು. ಜಿಯೋಜಿಬ್ರಾ ಅಂತ ಒಂದು ತಂತ್ರಾಂಶ, 2001ರಲ್ಲಿ ಆಸ್ಟ್ರಿಯಾ ದೇಶದ ಒಬ್ಬ ವಿದ್ಯಾರ್ಥಿ ತನ್ನ ಓದಿಗಾಗಿ ಶುರು ಮಾಡಿದ್ದು, ಶಾಲೆಗಳಿಗೆ ಪುಕ್ಕಟೆ. ಒಂದು ಹುಡುಗಿಯನ್ನು ಕರೆದು ತ್ರಿಭುಜದ ಮೂಲೆ ಹಿಡಿದು ಎಳೆ ಅಂದರು. ಎಳೆದ ಹಾಗೆ ಮೂರು ಕೋನದ ಅಂಕಿಯೂ ಬದಲಾಗುತ್ತಿದೆ, ಮೊತ್ತ ಮಾತ್ರ 180ರಲ್ಲೇ ನಿಂತಿದೆ. ಅಗಲ ಮಾಡಿದಳು, ಚೂಪು ಮಾಡಿದಳು, ಅಲ್ಲಾಡಲಿಲ್ಲ. ಒಬ್ಬ ಹುಡುಗ ಎದ್ದು ನಿಂತು, ಮಿಸ್, ಮೂಲೆಯನ್ನು ಎಳೆದು ಕೆಳಗಿನ ಗೆರೆಗೇ ತಂದುಬಿಟ್ಟರೆ ಏನಾಗುತ್ತದೆ ಅಂದ. ತಂದು ನೋಡಿದರೆ ಎರಡು ಕೋನ ಸೊನ್ನೆ, ಒಂದು 180! ಕ್ಲಾಸೇ ಓ ಅಂತು. ನಾನೂ ಅಂದೆ. ಕೊನೆಗೆ ಮೇಡಂ, ನೋಡಿದ್ದು ಸಾಕು, ಹೀಗೇ ಯಾಕೆ ಆಗುತ್ತದೆ ಅಂತ ಕಾರಣ ಹುಡುಕೋಣ ಅಂತ ಹೇಳಿ ಮತ್ತೆ ಸೀಮೆಸುಣ್ಣ ಹಿಡಿದು ಸಮಾಂತರ ಗೆರೆ ಎಳೆದರು.

ಒಂದು ಗಂಟೆಯ ಪಾಠದಲ್ಲಿ ಯಂತ್ರ ನಡೆದದ್ದು ಹತ್ತು ನಿಮಿಷ. ಆ ಹತ್ತು ನಿಮಿಷದ ಕೆಲಸವನ್ನು ಸೀಮೆಸುಣ್ಣ ಮಾಡಲಾಗುತ್ತಿರಲಿಲ್ಲ, ನೂರು ತ್ರಿಭುಜ ಬರೆದು ಅಳಿಸಲು ಯಾರಿಗೆ ಸಮಯ? ಆದರೆ ಉಳಿದ ಐವತ್ತು ನಿಮಿಷ ಇಲ್ಲದಿದ್ದರೆ ಆ ಹತ್ತು ನಿಮಿಷ ಬರೀ ಸಿನಿಮಾ.

ನೀವು ಇದನ್ನೆಲ್ಲ ಎಲ್ಲಿ ಕಲಿತಿರಿ ಮೇಡಂ ಅಂತ ಕೇಳಿದೆ. ಜಯನಗರದಲ್ಲಿ ಐಟಿ ಫಾರ್ ಚೇಂಜ್ ಅಂತ ಒಂದು ಸಂಸ್ಥೆ ಇದೆ, 2000ದಲ್ಲಿ, ನಮ್ಮ ಸಂಘ ಹುಟ್ಟಿದ ಕಾಲದಲ್ಲೇ ಹುಟ್ಟಿದ್ದು. ಅವರು ಡಿಎಸ್‌ಇಆರ್‌ಟಿ ಜೊತೆ ಸೇರಿ 2011ರ ಸುಮಾರಿನಿಂದ ಸರ್ಕಾರಿ ಪ್ರೌಢಶಾಲೆಯ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರಿಗೆ ವಿಷಯ ಶಿಕ್ಷಕರ ವೇದಿಕೆ ಅಂತ ಕಟ್ಟಿದರು. ಅದರಲ್ಲಿ ಎರಡು ವಿಚಾರ ನನಗೆ ಸಹಕಾರಿಯಾಗಿ ಬಹಳ ಮೆಚ್ಚುಗೆಯಾಯಿತು. ಒಂದು, ತಂತ್ರಾಂಶಕ್ಕೆ ದುಡ್ಡು ಕೊಡುವ ಹಂಗಿಲ್ಲ. ಉಬುಂಟು ಅಂತ ಪುಕ್ಕಟೆ ತಂತ್ರಾಂಶ, ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು, ಹಂಚಬಹುದು, ತಿದ್ದಬಹುದು. ವರ್ಷ ವರ್ಷ ಚಂದಾ ಇಲ್ಲ. ಎರಡು, ಪಾಠದ ಸಾಮಗ್ರಿಯನ್ನು ಕಂಪನಿಯಿಂದ ಕೊಳ್ಳುವ ಬದಲು ಶಿಕ್ಷಕರೇ ತಯಾರು ಮಾಡಿ, ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಅಂತ ಕನ್ನಡದಲ್ಲಿ ಒಂದು ಕಡೆ ಕೂಡಿಸಿಟ್ಟರು. ಒಬ್ಬ ಮೇಷ್ಟ್ರು ಬೀದರಿನಲ್ಲಿ ಮಾಡಿದ ಪಾಠ ಕನಕಪುರದ ಮೇಷ್ಟ್ರಿಗೆ ಸಿಗುತ್ತದೆ. ಇದು ಏನು? ನಮ್ಮ ಹಾಲಿನ ಲೆಕ್ಕವೇ ಅಲ್ಲವೇ! ಒಬ್ಬೊಬ್ಬರು ಎರಡು ಲೀಟರ್ ತಂದು ಒಂದೇ ಕ್ಯಾನಿಗೆ ಹಾಕುತ್ತೇವೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಇದ್ದದ್ದೂ ಇದೇ ಬುದ್ಧಿ. ನಮ್ಮ ಪಾಠ ಯಾರದೋ ಪೆಟ್ಟಿಗೆಯೊಳಗೆ ಬೀಗ ಹಾಕಿಕೊಂಡಿರಬಾರದು.

ನಮ್ಮದು ಪ್ರಾಥಮಿಕ ಶಾಲೆ, ತ್ರಿಭುಜ ಆಮೇಲೆ ನೋಡೋಣ ಅಂತೀರಿ. ಸರಿ. ಚಿಕ್ಕ ಮಕ್ಕಳಿಗೆ ಮುಖ್ಯವಾಗಿ ಬೇಕಾದದ್ದು ಭಾಷೆ. ಮನೆಯಲ್ಲಿ ತೆಲುಗು, ಹಿಂದಿ ಮಾತಾಡುವ ಮಗು ಕನ್ನಡ ಪುಸ್ತಕ ಓದುವ ಮೊದಲು ಕನ್ನಡ ಕಿವಿಗೆ ಬೀಳಬೇಕು. ಅಜ್ಜಿ ಕಥೆ ಹೇಳುವ ಮನೆ ಈಗ ಕಡಿಮೆ, ಟಿ.ವಿ. ಹೇಳುತ್ತದೆ. ಇದಕ್ಕೆ ಕೇಳುವ ಕಥೆಗಳು ಬಹಳ ಉಪಯೋಗ. ಜಯನಗರದ ಅದೇ ಸಂಸ್ಥೆಯವರು ಕಥೆ ಖಜಾನೆ ಅಂತ ಕೇಳುವ ಕಥೆಗಳನ್ನು ಕೂಡಿಸಿದ್ದಾರೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಿಂದ ಸ್ಟೋರಿವೀವರ್ ಅಂತ ಚಿತ್ರದ ಕಥೆ ಪುಸ್ತಕಗಳನ್ನು ಕನ್ನಡವೂ ಸೇರಿ ಎಷ್ಟೋ ಭಾಷೆಗಳಲ್ಲಿ ಪುಕ್ಕಟೆ ಇಟ್ಟಿದ್ದಾರೆ. ಒಂದೇ ಕಥೆಯನ್ನು ತೆಲುಗಿನಲ್ಲೂ ಕನ್ನಡದಲ್ಲೂ ತೋರಿಸಬಹುದು. ಗೋಡೆಯ ಮೇಲೆ ದೊಡ್ಡದಾಗಿ ಪುಟ ತೋರಿಸಿ ಮೇಡಂ ಬೆರಳಿಟ್ಟು ಓದಿದರೆ ಕೋಣೆಯ ಎಲ್ಲ ಮಕ್ಕಳಿಗೂ ಒಂದೇ ಪುಸ್ತಕ ಆಗುತ್ತದೆ. ಮೇಲಿನ ತರಗತಿಗೆ ಸರ್ಕಾರದ ಪಠ್ಯಪುಸ್ತಕದಲ್ಲೇ ಚೌಕದ ಚುಕ್ಕಿ ಗುರುತು, ಕ್ಯೂಆರ್ ಕೋಡ್ ಅಂತಾರಲ್ಲ, ಅದಿದೆ. ಫೋನ್ ಹಿಡಿದರೆ ದೀಕ್ಷಾ ಅಂತ ತೆರೆಯುತ್ತದೆ. 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದಂದು, ಕೇಂದ್ರ ಸರ್ಕಾರ ಶುರು ಮಾಡಿದ್ದು. ಅದರಲ್ಲಿ ಒಳ್ಳೆಯದೂ ಇದೆ, ಸಪ್ಪೆಯೂ ಇದೆ. ಆರಿಸಿಕೊಳ್ಳಲು ಮೇಡಂಗೆ ಪುರಸೊತ್ತು ಬೇಕು.

ಪುರಸೊತ್ತಿನ ಮಾತು ಬಂತು ಅಂತ ಹೇಳುತ್ತೇನೆ. ಈಗ ಶಿಕ್ಷಕರ ಕೈಯಲ್ಲಿ ಫೋನ್ ಕಂಡರೆ ನಾವು ಆಡಿಕೊಳ್ಳುತ್ತೇವೆ. ಸ್ಯಾಟ್ಸ್‌ಗೆ ಹಾಜರಿ, ಊಟದ ಲೆಕ್ಕ, ಮೊಟ್ಟೆ ಲೆಕ್ಕ, ಹಾಲಿನ ಲೆಕ್ಕ, ಎಲ್ಲ ಅದರಲ್ಲೇ ತುಂಬಬೇಕು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯ ಬಂದ ಮೇಲೆ ನಮ್ಮ ಹಾಲೇ ಪುಡಿಯಾಗಿ ನಮ್ಮ ಮಕ್ಕಳ ಲೋಟಕ್ಕೆ ಹೋಗುತ್ತಿದೆ, ಸಂತೋಷ. ಆದರೆ ಆ ಲೆಕ್ಕ ಬರೆಯುವ ಹೊತ್ತು ಪಾಠದ್ದೇ. ಶಿಕ್ಷಕರ ಹೊರೆ ಇಳಿಸುವ ತಂತ್ರಜ್ಞಾನ ಬಂದರೆ ಅದಕ್ಕೆ ಮೊದಲ ಮಣೆ ಹಾಕಬೇಕು. ಬೆಂಗಳೂರಿನ ಶಿಕ್ಷಣ ಫೌಂಡೇಶನ್ ಮತ್ತು ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದವರು 2023ರಲ್ಲಿ ಬೆಂಗಳೂರು ಸುತ್ತಮುತ್ತಲ ಕೆಲವು ಸರ್ಕಾರಿ ಶಾಲೆಗಳಲ್ಲಿ ಶಿಕ್ಷಾ ಕೋಪೈಲಟ್ ಅಂತ ಪ್ರಯೋಗ ಮಾಡಿದರು. ಕೃತಕ ಬುದ್ಧಿಮತ್ತೆ ಅಂತ ಈಗ ಎಲ್ಲರ ಬಾಯಲ್ಲಿದೆಯಲ್ಲ, ಅದು ಪಠ್ಯಪುಸ್ತಕ ನೋಡಿ ಪಾಠದ ಯೋಜನೆಯ ಕರಡು ಮಾಡಿಕೊಡುತ್ತದೆ, ಶಿಕ್ಷಕರು ತಿದ್ದಿಕೊಳ್ಳುತ್ತಾರೆ. ಮಗುವಿನ ಕೈಗೆ ಕೊಡದೆ ಶಿಕ್ಷಕರ ಕೈಗೆ ಕೊಟ್ಟಿದ್ದಾರೆ, ಅದು ಸರಿಯಾದ ಕೈ.

ಮಕ್ಕಳ ಕೈಯಲ್ಲಿ ಫೋನ್ ಇದ್ದರೆ ಏನಾಗುತ್ತದೆ ಅಂತ ನಮಗೆ ಹೇಳಬೇಕಾಗಿಲ್ಲ. ಅಸರ್ ಅಂತ ದೇಶದ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಸಮೀಕ್ಷೆ ಮಾಡುತ್ತಾರೆ. 2024ರ ಸಮೀಕ್ಷೆಯಲ್ಲಿ 14ರಿಂದ 16 ವರ್ಷದ ಮಕ್ಕಳಲ್ಲಿ ನೂರಕ್ಕೆ 82 ಜನಕ್ಕೆ ಸ್ಮಾರ್ಟ್‌ಫೋನ್ ಉಪಯೋಗಿಸಲು ಬರುತ್ತದೆ ಅಂತ ಕಂಡಿತು. ಹಿಂದಿನ ವಾರದಲ್ಲಿ ಓದಿಗೆ ಬಳಸಿದವರು 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು 76. ಅಂದರೆ ಫೋನ್ ಒತ್ತಲು ಕಲಿಸುವ ಅಗತ್ಯ ಶಾಲೆಗಿಲ್ಲ, ಅದನ್ನು ಮಕ್ಕಳೇ ನಮಗೆ ಕಲಿಸುತ್ತಾರೆ. ದೊಡ್ಡ ದೇಶಗಳಲ್ಲೂ ಇದೇ ಚಿಂತೆ. ಸ್ವೀಡನ್ ದೇಶ ಶಾಲೆಯಲ್ಲಿ ಕಂಪ್ಯೂಟರ್ ತುಂಬಿಸಿತ್ತು, 2023ರಲ್ಲಿ ಮತ್ತೆ ಅಚ್ಚಿನ ಪುಸ್ತಕ ಕೊಳ್ಳಲು ಹಣ ಕೊಟ್ಟಿತು. ಅದೇ ವರ್ಷ ಯುನೆಸ್ಕೋದವರು ಒಂದು ದೊಡ್ಡ ವರದಿಯನ್ನೇ ಬರೆದು, ಶಾಲೆಯ ತಂತ್ರಜ್ಞಾನ ಯಾರ ಷರತ್ತಿನ ಮೇಲೆ ನಡೆಯಬೇಕು ಅಂತ ಕೇಳಿದರು. ನಮ್ಮ ಸಂಘದ ಎರಡು ಲಕ್ಷಕ್ಕೂ ಅದೇ ಪ್ರಶ್ನೆ.

ಈಗ ನನ್ನ ಸಲಹೆ. ಸ್ಮಾರ್ಟ್ ಬೋರ್ಡ್ ಬೇಡ. ಒಂದು ಸಾಧಾರಣ ಪ್ರೊಜೆಕ್ಟರ್, ಒಂದು ಲ್ಯಾಪ್‌ಟಾಪ್, ಒಂದು ಒಳ್ಳೆಯ ಸ್ಪೀಕರ್, ಒಂದು ಬ್ಯಾಟರಿ. ನಾನು ವಿಚಾರಿಸಿದ ಹಾಗೆ ತೊಂಬತ್ತು ಸಾವಿರದೊಳಗೆ ಆಗುತ್ತದೆ. ಪರದೆ ಕೊಳ್ಳುವುದು ಬೇಡ, ಗೋಡೆಗೆ ಸುಣ್ಣ ಬಳಿದರೆ ಸಾಕು. ಇಪ್ಪತ್ತು ಸಾವಿರ ರಿಪೇರಿಗೆ ಅಂತ ಸಂಘದಲ್ಲೇ ಇರಲಿ. ಉಳಿಯುವುದು ತೊಂಬತ್ತು ಸಾವಿರ. ಇದನ್ನು ಯಂತ್ರಕ್ಕೆ ಹಾಕದೆ ಮನುಷ್ಯರಿಗೆ ಹಾಕೋಣ. ನಮ್ಮೂರಿಗೆ ಸೊಸೆಯರಾಗಿ ಬಂದ ಡಿಗ್ರಿ ಓದಿದ ಹೆಣ್ಣುಮಕ್ಕಳು ಎಷ್ಟು ಜನ ಇದ್ದಾರೆ, ಹಾಲು ಕರೆದು ಸಗಣಿ ಬಾಚಿ ಸರ್ಟಿಫಿಕೇಟು ಪೆಟ್ಟಿಗೆಯಲ್ಲಿಟ್ಟು ಕೂತಿದ್ದಾರೆ. ಅವರಲ್ಲಿ ಒಬ್ಬರು ವಾರಕ್ಕೆ ಮೂರು ದಿನ, ದಿನಕ್ಕೆ ಎರಡು ಗಂಟೆ ಶಾಲೆಗೆ ಹೋಗಿ ಮೇಡಂ ಹೇಳಿದ ಹಾಗೆ ಕಥೆ ಓದಿಸಲಿ, ಯಂತ್ರ ನಡೆಸಲಿ, ಹಿಂದುಳಿದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿ. ತಿಂಗಳಿಗೆ ಮೂರು ಸಾವಿರ ಗೌರವಧನ. ವರ್ಷಕ್ಕೆ ಹತ್ತು ತಿಂಗಳಾದರೆ ಮೂರು ವರ್ಷಕ್ಕೆ ಸರಿಯಾಗಿ ತೊಂಬತ್ತು ಸಾವಿರ.

ಕಳ್ಳತನದ ಭಯಕ್ಕೆ ಒಂದು ದಾರಿ ಇದೆ. ಯಂತ್ರಗಳು ರಾತ್ರಿ ಸಂಘದ ಕೋಣೆಯಲ್ಲಿರಲಿ, ಇಲ್ಲಿ ಹೇಗೂ ಬೀಗ, ಕ್ಯಾಮೆರಾ ಇದೆ. ಬೆಳಿಗ್ಗೆ ಹಾಲಿನ ಕೆಲಸ ಮುಗಿದ ಮೇಲೆ ಶಾಲೆಗೆ ಒಯ್ಯಲಿ. ಮೇಷ್ಟ್ರ ತಲೆ ಮೇಲೆ ಹೊಣೆ ಬೇಡ, ಹೊಣೆ ಸಂಘದ್ದು ಅಂತ ಠರಾವಿನಲ್ಲೇ ಬರೆಯೋಣ. ನಮ್ಮ ಹಾಲಿನ ಯಂತ್ರ ರಿಪೇರಿಗೆ ಬರುವ ಹುಡುಗನೇ ಇದನ್ನೂ ನೋಡುತ್ತಾನೆ, ಕೇಳಿದ್ದೇನೆ, ಒಪ್ಪಿದ್ದಾನೆ. ಸರ್ಕಾರಿ ಶಾಲೆಗಳ ಕರೆಂಟ್ ಬಿಲ್ಲು ಸರ್ಕಾರವೇ ಭರಿಸುವುದಾಗಿ 2023ರ ರಾಜ್ಯೋತ್ಸವದಂದು ಮುಖ್ಯಮಂತ್ರಿಗಳು ಘೋಷಿಸಿದರು, ಹಾಗಾಗಿ ಅದರ ಚಿಂತೆ ಬೇಡ.

ಒಬ್ಬ ಯುವ ಮಿತ್ರರು ಕೇಳಿದರು, ಅಣ್ಣಾ, ಸ್ಮಾರ್ಟ್ ಬೋರ್ಡ್ ಇದೆ ಅಂದರೆ ವ್ಯಾನಿಗೆ ಹತ್ತುವ ಮಕ್ಕಳು ವಾಪಸು ಬರಬಹುದು, ಗೋಡೆಗೆ ಸುಣ್ಣ ಬಳಿದು ಸಿನಿಮಾ ತೋರಿಸಿದರೆ ಯಾರು ಬರ್ತಾರೆ ಅಂತ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಹೊರಗಿನ ಥಳಕು ನೋಡಿಯೇ ನಾವು ಶಾಲೆ ಆರಿಸುತ್ತಿದ್ದೇವೆ. ಆದರೆ ಬೋರ್ಡ್ ನೋಡಿ ಬಂದ ಮಗು ಬೋರ್ಡ್ ಕೆಟ್ಟ ವರ್ಷ ಮತ್ತೆ ವ್ಯಾನ್ ಹತ್ತುತ್ತದೆ. ಮೂರನೇ ಕ್ಲಾಸಿನ ಮಗು ಬಸ್ಸಿನ ಬೋರ್ಡು, ಸಂಘದ ಚೀಟಿ, ಔಷಧಿ ಬಾಟಲಿ ಮೇಲಿನ ಅಕ್ಷರ ಗಟ್ಟಿಯಾಗಿ ಓದುವುದನ್ನು ಪಕ್ಕದ ಮನೆಯವರು ಕೇಳಿದರೆ ಅವರು ವಿಚಾರಿಸುತ್ತಾರೆ, ನಿಮ್ಮ ಮಗು ಎಲ್ಲಿ ಓದುತ್ತೆ ಅಂತ. ಕಾಂಪೌಂಡ್ ಕೇಳಿದ ಹಿರಿಯರಿಗೂ ಹೇಳುತ್ತೇನೆ, ಯಜಮಾನರೇ, ಅದು ನ್ಯಾಯವಾದ ಬೇಡಿಕೆ. ಪಂಚಾಯಿತಿಯಿಂದ ಆಗಬೇಕಾದ ಕೆಲಸ ಅದು. ಅದಕ್ಕೆ ಅರ್ಜಿ ಬರೆದು ತಂದಿದ್ದೇನೆ, ಸಭೆ ಮುಗಿದ ಮೇಲೆ ಎಲ್ಲರೂ ಸಹಿ ಹಾಕಿ.

ಮೂರು ವರ್ಷ ಆದ ಮೇಲೆ ಏನು ಅಂತ ಕಾರ್ಯದರ್ಶಿಗಳು ಲೆಕ್ಕದ ಪ್ರಶ್ನೆ ಕೇಳಿದ್ದಾರೆ. ಪ್ರತಿ ವರ್ಷ ಸರ್ವಸದಸ್ಯರ ಸಭೆಯಲ್ಲಿ ಹಾಲಿನ ಲೆಕ್ಕ ಓದುವ ಹಾಗೆ ಇದರ ಲೆಕ್ಕವನ್ನೂ ಓದೋಣ. ಯಂತ್ರ ಎಷ್ಟು ದಿನ ನಡೆಯಿತು ಅಂತ ಓದುವುದು ಬೇಡ, ಎಷ್ಟು ಮಕ್ಕಳು ಒಂದು ಪುಟ ಸರಾಗವಾಗಿ ಓದಿದರು, ಎಷ್ಟು ಮಕ್ಕಳು ಭಾಗಾಕಾರ ಮಾಡಿದರು ಅಂತ ಓದೋಣ. ಮಕ್ಕಳೇ ಬಂದು ಸಭೆಯಲ್ಲಿ ಓದಲಿ, ಇನ್ನೂ ಒಳ್ಳೆಯದು. ಅದನ್ನು ಕೇಳಿ ಸದಸ್ಯರಿಗೆ ಸರಿ ಅನಿಸಿದರೆ ಮುಂದುವರಿಸುತ್ತಾರೆ, ಇಲ್ಲದಿದ್ದರೆ ನಿಲ್ಲಿಸುತ್ತಾರೆ. ಠರಾವಿನ ಕರಡನ್ನು ಸಂಘದ ನೋಟೀಸ್ ಬೋರ್ಡಿಗೆ ಹಚ್ಚಿದ್ದೇನೆ. ಬೆಳಿಗ್ಗೆ ಹಾಲು ಹಾಕಲು ಬಂದಾಗ ದಯವಿಟ್ಟು ಓದಿ. ಓದಲು ಬಾರದವರು ನಮ್ಮ ಶಾಲೆಯ ಐದನೇ ಕ್ಲಾಸಿನ ಮಗುವಿನ ಹತ್ತಿರ ಓದಿಸಿಕೊಳ್ಳಿ, ಮಗು ಎಲ್ಲಿ ತಡವರಿಸುತ್ತದೆ ಅಂತ ಹಾಗೇ ಗಮನಿಸಿ. ಸಭೆಗೆ ಎಲ್ಲರೂ ಬರಬೇಕು, ಅದರಲ್ಲೂ ಹೆಣ್ಣುಮಕ್ಕಳು ತಪ್ಪದೇ ಬರಬೇಕು ಅಂತ ಕೇಳಿಕೊಳ್ಳುತ್ತೇನೆ.